ಮೊದಲ ಸಲ ಡಿಸ್ನಿ ವರ್ಲ್ಡ್‌ಗೆ ಹೊರಟವರಿಗೆ

ಫ್ಲೋರಿಡಾದ ಡಿಸ್ನಿ ವರ್ಲ್ಡ್ ಅಂದರೆ ಒಂದೇ ಪಾರ್ಕ್ ಅಲ್ಲ, ನಾಲ್ಕು ದೊಡ್ಡ ಪಾರ್ಕ್‌ಗಳು. ಎರಡೇ ದಿನದಲ್ಲಿ ಎಲ್ಲ ಮುಗಿಸಲು ಹೋಗಬೇಡಿ, ಮಕ್ಕಳು ಸುಸ್ತಾಗಿಬಿಡುತ್ತಾರೆ. ಪುಟ್ಟ ಮಕ್ಕಳಿದ್ದರೆ ಈ ನಾಲ್ಕರಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್‌ಗೇ ಒಂದು ಪೂರ್ತಿ ದಿನ ಇಡಿ. ಅಲ್ಲಿ ಕಾರು ನಿಲ್ಲಿಸಿದ ಮೇಲೆ ಮೋನೋರೈಲ್ ಅಥವಾ ದೋಣಿ ಹತ್ತಿ ಗೇಟಿಗೆ ಹೋಗಬೇಕು. ಅದಕ್ಕೇ ಗೇಟು ತೆರೆಯುವುದಕ್ಕೆ ಒಂದು ಗಂಟೆ ಮೊದಲೇ ಪಾರ್ಕಿಂಗ್ ತಲುಪಿ.

ಹೊರಡುವ ಮುಂಚೆ ಮನೆಯಲ್ಲೇ ಮಕ್ಕಳ ಎತ್ತರ ಅಳೆದುಕೊಳ್ಳಿ. ಅಲ್ಲಿನ ಸ್ಪೇಸ್ ಮೌಂಟನ್ ಎಂಬ ರೋಲರ್ ಕೋಸ್ಟರ್ ಹತ್ತಲು ಕನಿಷ್ಠ 44 ಇಂಚು ಎತ್ತರ ಬೇಕು. ಆಸೆಯಿಂದ ಕಾದ ಮಗುವನ್ನು ಬಾಗಿಲಲ್ಲೇ ತಡೆದರೆ ಎಷ್ಟು ಬೇಜಾರು ಅಲ್ವಾ? ಚಿಕ್ಕ ಮಗು ಜೊತೆಗಿದ್ದರೆ ಸಿಬ್ಬಂದಿಯನ್ನು 'ರೈಡರ್ ಸ್ವಿಚ್' ಕೇಳಿ. ಅಪ್ಪ ಹೋಗಿ ಬರುವವರೆಗೆ ಅಮ್ಮ ಮಗು ನೋಡಿಕೊಂಡು, ಆಮೇಲೆ ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಹೋಗಬಹುದು. 3 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ.

ಮನೆ ತಿಂಡಿ ಒಳಗೆ ಬಿಡುತ್ತಾರೆ, ಗಾಜಿನ ಡಬ್ಬಿ ಮಾತ್ರ ಬೇಡ. ನಾವು ಚಪಾತಿ, ಪುಳಿಯೋಗರೆ ಒಯ್ದಿದ್ದೆವು. ಊರಿಂದ ಬಂದಿದ್ದ ಅತ್ತೆಗೂ ನೆಮ್ಮದಿ ಆಯಿತು. ತಿಂಡಿ ಕೌಂಟರ್‌ಗಳಲ್ಲಿ ಕೇಳಿದರೆ ಐಸ್ ನೀರು ಪುಕ್ಕಟೆ. ಬೇಸಿಗೆಯಲ್ಲಿ ಮಧ್ಯಾಹ್ನ ಗುಡುಗು ಮಳೆ ಜಾಸ್ತಿ, ಎಲ್ಲರಿಗೂ ಒಂದೊಂದು ರೇನ್‌ಕೋಟ್ ಬ್ಯಾಗಿನಲ್ಲಿರಲಿ.