ಹತ್ತರಿಂದ ಹನ್ನೊಂದೂವರೆ

ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆಯಾಗಿ 16 ವರ್ಷ ಕಳೆದಿದ್ದೇನೆ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗಿನಿಂದಲೂ ಶಾಲಾಪೂರ್ವ ಶಿಕ್ಷಣ ಅದರ ಆರು ಸೇವೆಗಳಲ್ಲಿ ಒಂದು. ಆದರೂ ತಿಂಗಳ ಸಭೆಯಲ್ಲಿ ಮಕ್ಕಳಿಗೆ ಎಷ್ಟು ಹಾಡು ಹೇಳಿಸಿದಿರಿ ಎಂದು ನನ್ನನ್ನು ಯಾರೂ ಕೇಳಿದ್ದಿಲ್ಲ. ಕೇಳುವುದೆಲ್ಲ ತೂಕ, ಎತ್ತರ, ದಾಸ್ತಾನು, ಫೋಟೊ. 2017ರಲ್ಲಿ ಮಾತೃಪೂರ್ಣ ಬಂದ ಮೇಲೆ ಗರ್ಭಿಣಿಯರ, ಬಾಣಂತಿಯರ ಮಧ್ಯಾಹ್ನದ ಊಟವೂ ಕೇಂದ್ರಕ್ಕೆ ಸೇರಿತು. 2021ರಲ್ಲಿ ಈ ಮಾಹಿತಿಯನ್ನೆಲ್ಲ ಫೋನಿನಲ್ಲಿ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಾಗ ಪುಸ್ತಕದ ಬರವಣಿಗೆ ತಪ್ಪುತ್ತದೆ ಎಂದುಕೊಂಡಿದ್ದೆವು. ನಮ್ಮಲ್ಲಿ ಎರಡೂ ಉಳಿದವು. ಕೇಂದ್ರದೊಳಗೆ ಸಿಗ್ನಲ್ ಸಿಗದ ಕಾರಣ ನಾನು ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ, ಕೆರೆ ಏರಿಯ ಮೇಲೆ ಫೋನ್ ಎತ್ತಿ ಹಿಡಿದು ನಿಲ್ಲುತ್ತಿದ್ದೆ.

ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸಲು ಶುರುವಾಯಿತು. ರಾತ್ರಿ ವಾಟ್ಸಾಪ್ ಗುಂಪಿನ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ನಾಲ್ಕು ವರ್ಷದ ಹುಡುಗಿಯೊಬ್ಬಳು ಹಾಲು ಚೆಲ್ಲಿದಳು. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ, ಅವಳು ಅಳಲೂ ಇಲ್ಲ. ಕೂತಲ್ಲಿಂದಲೇ ತನ್ನ ಲಂಗದ ಅಂಚಿನಿಂದ ನೆಲ ಒರೆಸತೊಡಗಿದಳು. ಒಲೆಯ ಮುಂದಿದ್ದ ಸಹಾಯಕಿ ಹೊರಗೆ ಬಂದು, "ಅಕ್ಕಾ, ನಾನೇ ಬೆಚ್ಚಿಬಿದ್ದೆ" ಎಂದಳು.

ಮರುವಾರ ತಾಲ್ಲೂಕು ಆಸ್ಪತ್ರೆಗೆ ಹೋದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಅಲ್ಲಿಗೆ ಮನೋವೈದ್ಯರು ಬರುತ್ತಾರೆಂದು ಕರಪತ್ರ ಹಂಚಿದವಳೇ ನಾನು, ನನಗಾಗಿ ಹೋಗಬೇಕೆಂದು ಮಾತ್ರ ತೋಚಿರಲಿಲ್ಲ. ಇಂಥ ದಣಿವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಯ ಲೆಕ್ಕಕ್ಕೆ ಸೇರಿಸದೆ, ಕೆಲಸದ ಸ್ಥಳದ ತೀರದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ಗುರುತಿಸಿದೆ ಎಂದು ಅವರು ವಿವರಿಸಿದರು. ಗುಳಿಗೆ ಬರೆಯಲಿಲ್ಲ, ದಿನದಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಗುತ್ತದೆ ಎಂದು ಬರೆದಿಡಲು ಹೇಳಿದರು.

ಇನ್ನೊಂದು ರಿಜಿಸ್ಟರ್ ಎಂದು ಮನಸ್ಸಿನಲ್ಲೇ ಗೊಣಗಿಕೊಂಡರೂ, ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ 12 ದಿನ ಬರೆದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗಿನ ಹೊತ್ತಿನಲ್ಲಿ ಮಕ್ಕಳ ನಡುವೆ ಕೂತು ಕಲಿಸಿದ್ದು ಹೆಚ್ಚೆಂದರೆ 40 ನಿಮಿಷ. ಆ ಅಂಕಿ ನೋಡಿದಾಗ ನನ್ನ ಸಿಟ್ಟು ಮಕ್ಕಳ ಮೇಲಿನದ್ದಾಗಿರಲಿಲ್ಲ ಎಂಬುದು ಅರ್ಥವಾಯಿತು.

ಅಂದಿನಿಂದ ಹತ್ತರಿಂದ ಹನ್ನೊಂದೂವರೆಯವರೆಗೆ ಫೋನ್ ಆಫ್ ಮಾಡಿ ಖಾಲಿ ಬೇಳೆ ಡಬ್ಬಿಯೊಳಗೆ ಇಡುತ್ತೇನೆ. ಆ ಹೊತ್ತು ಚಿಲಿಪಿಲಿ ಪಠ್ಯದ ಹಾಡು, ಕಥೆ, ಹುಣಸೆ ಬೀಜದ ಎಣಿಕೆಗೆ ಮೀಸಲು. ಮಕ್ಕಳ ತೂಕವನ್ನು ಒಂದೇ ದಿನ ಮುಗಿಸುವ ಹಟ ಬಿಟ್ಟು ದಿನಕ್ಕೆ ಐದಾರು ಮಕ್ಕಳಂತೆ ಹಂಚಿಕೊಂಡೆ. ಮಾಹಿತಿ ತುಂಬುವುದನ್ನು ಮಕ್ಕಳು ಮಲಗುವ ಹೊತ್ತಿಗೆ ಸರಿಸಿದೆ. ಎರಡನೆಯ ದಿನವೇ ಮೇಲ್ವಿಚಾರಕಿ ಸಿಟ್ಟಾದರು. ನಾನು ಕ್ಯಾಲೆಂಡರ್ ಹಾಳೆ ಬಿಚ್ಚಿ ಅವರ ಮುಂದಿಟ್ಟೆ, ಬೆಳಗಿನ ಸಮಯವನ್ನು ಕಲಿಕೆಗೆ ಬಿಟ್ಟುಕೊಡಬೇಕೆಂದು ಅರ್ಜಿಯನ್ನೂ ಬರೆದುಕೊಟ್ಟೆ. ಉತ್ತರ ಇಂದಿಗೂ ಬಂದಿಲ್ಲ, ಆದರೆ ಆ ಹೊತ್ತಿನಲ್ಲಿ ಕರೆ ಬರುವುದು ನಿಂತಿದೆ. ಮೌಖಿಕ ಅಳಲಿಗಿಂತ ಬರಹದ ಅರ್ಜಿಗೆ ತೂಕ ಹೆಚ್ಚೆಂದು ಅನುಭವಿಗಳು ಸುಮ್ಮನೆ ಹೇಳುವುದಿಲ್ಲ.

ರಾತ್ರಿ ಎಂಟರ ನಂತರ ಗುಂಪಿನ ಸಂದೇಶ ತೆರೆಯುವುದಿಲ್ಲ. ಇದನ್ನು ಪಾಲಿಸಲು ಎರಡು ತಿಂಗಳು ಬೇಕಾಯಿತು; ಈಗಲೂ ಕೈ ತಾನಾಗಿಯೇ ಫೋನಿನತ್ತ ಹೋಗುತ್ತದೆ. ಆದರೆ ರಾತ್ರಿ ನಿದ್ದೆ ಬರುತ್ತಿದೆ. ಹಾಲು ಚೆಲ್ಲಿದ್ದ ಹುಡುಗಿ ಕೆಲವು ವಾರ ನನ್ನಿಂದ ದೂರವೇ ಕೂರುತ್ತಿದ್ದಳು; ಆಮೇಲೊಂದು ಬೆಳಿಗ್ಗೆ ತಾನೇ ಡಬ್ಬಿಯ ಮುಚ್ಚಳ ಹಾಕಲು ಬಂದಳು. ಈಗ ಅದು ಅವಳದೇ ಕೆಲಸ.

ಕೇಂದ್ರದಲ್ಲಿ ಕೊಡುವ ಮೊಟ್ಟೆಗೆ ಇಲಾಖೆಯಿಂದ ಬರಬೇಕಾದ ಹಣದ ವಿಷಯ ಮಾತ್ರ ನನ್ನ ಯಾವ ವೇಳಾಪಟ್ಟಿಗೂ ಬಗ್ಗಿಲ್ಲ. ಈ ತಿಂಗಳೂ ತಡವಾಗಿದೆ, ಅಂಗಡಿಯ ಉದ್ದರಿ ಪುಸ್ತಕದಲ್ಲಿ ಲೆಕ್ಕ ನನ್ನ ಹೆಸರಿನಲ್ಲೇ ಇದೆ.