ಆರ್ಕಿಡ್ ಎಲೆ ಹಳದಿಯಾಯಿತೇ? ಮೊದಲು ಬೇರು ನೋಡಿ

ಆರ್ಕಿಡ್ ಎಲೆ ಹಳದಿಯಾದ ಕೂಡಲೇ ನೀರಿನ ಚೊಂಬಿಗೆ ಕೈ ಹೋಗುತ್ತದೆ, ಆಮೇಲೆ ಗೊಬ್ಬರದ ಡಬ್ಬಿಗೆ. ಸದ್ಯಕ್ಕೆ ಎರಡೂ ಬೇಡ. ಕೊಳೆತ ಬೇರು ನೀರು ಹೀರುವುದಿಲ್ಲ. ಹಾಗಾಗಿ ಕುಂಡ ಒದ್ದೆಯಾಗಿದ್ದರೂ ಎಲೆ ಜೋತುಬಿದ್ದು ಸುಕ್ಕಾಗುತ್ತದೆ. ಪಾಪ, ಬಾಯಾರಿರಬೇಕು ಅಂತ ಇನ್ನಷ್ಟು ಸುರಿದರೆ ಉಳಿದ ಬೇರೂ ಹೋಗುತ್ತದೆ.

ಎಲ್ಲ ಹಳದಿಯೂ ರೋಗವಲ್ಲ. ನರ್ಸರಿಗಳಲ್ಲಿ ಜಾಸ್ತಿ ಸಿಗುವ, ಅಗಲ ಎಲೆಯ ಫಲನಾಪ್ಸಿಸ್‌ನಲ್ಲಿ ತೀರಾ ಕೆಳಗಿನ ಒಂದು ಎಲೆ ನಿಧಾನಕ್ಕೆ ಹಳದಿಯಾಗಿ ಬಿದ್ದರೆ ಅದಕ್ಕೆ ವಯಸ್ಸಾಯಿತು, ಅಷ್ಟೆ. ಡೆಂಡ್ರೋಬಿಯಂ ನೊಬಿಲೆ ಎಂಬ ಇನ್ನೊಂದು ಬಗೆಯ ಆರ್ಕಿಡ್ ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ. ಆ ಬೋಳು ದಂಟಿನಲ್ಲೇ ಹೂ ಬರುವುದು, ಕತ್ತರಿಸಬೇಡಿ. ಬಿಸಿಲು ಬೀಳುವ ಕಡೆ ಮಾತ್ರ ಬಿಳಿಚಿದ ಒಣ ಮಚ್ಚೆ ಇದ್ದರೆ ಗಿಡವನ್ನು ನೆರಳಿಗೆ ಸರಿಸಿದರೆ ಸಾಕು. ಎರಡು ಮೂರು ಎಲೆ ಒಟ್ಟಿಗೆ ಹಳದಿಯಾದಾಗ, ಎಳೆ ಎಲೆ ಬಣ್ಣಗೆಟ್ಟಾಗ, ಬುಡ ಮೆತ್ತಗಾದಾಗ ತಡಮಾಡಬಾರದು.

ಆಗ ಗಿಡವನ್ನು ಕುಂಡದಿಂದ ಹೊರಗೆ ತೆಗೆಯಲೇಬೇಕು. ಹೂ ಇದೆಯಲ್ಲ ಅಂತ ಹಿಂಜರಿಯಬೇಡಿ. ಗೊಂಚಲನ್ನು ಕತ್ತರಿಸಿ ಹೂದಾನಿಯಲ್ಲಿಡಿ, ಗಿಡಕ್ಕೂ ಭಾರ ಕಡಿಮೆ. ಬೇರನ್ನು ನಲ್ಲಿ ನೀರಿನಲ್ಲಿ ತೊಳೆಯಿರಿ. ಅಂಗಡಿಯಿಂದ ತಂದ ಗಿಡವಾದರೆ ಬೇರಿನ ನಡುವೆ ಒತ್ತಿ ತುಂಬಿದ ಒಣ ಪಾಚಿಯ (ಸ್ಫ್ಯಾಗ್ನಮ್ ಮಾಸ್) ಗಟ್ಟಿ ಉಂಡೆ ಸಿಗಬಹುದು. ಎಷ್ಟೋ ಸಲ ಕೊಳೆ ಶುರುವಾಗುವುದೇ ಅಲ್ಲಿಂದ.

ಒಳ್ಳೆಯ ಬೇರು ಒಣಗಿದ್ದಾಗ ಬೆಳ್ಳಗೆ, ನೆನೆದಾಗ ಹಸಿರು. ಕೊಳೆತದ್ದನ್ನು ಹಿಡಿದೆಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುತ್ತದೆ. ಬಣ್ಣವೊಂದನ್ನೇ ನಂಬಬೇಡಿ, ತೆಂಗಿನ ಸಿಪ್ಪೆಯ ಕಲೆಯಿಂದಲೂ ಬೇರು ಕಂದಾಗುತ್ತದೆ. ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಬಿಡಿ, ಪಿಚಕ್ ಎಂದರೆ ಕತ್ತರಿಸಿ.

ಕತ್ತರಿಯನ್ನು ಮೊದಲು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ. ಇನ್ನೊಂದು ಗಿಡಕ್ಕೆ ಹೋಗುವ ಮೊದಲು ಮತ್ತೆ ಒರೆಸಿ. ಎಲೆಯ ಮೇಲೆ ನೀರು ತುಂಬಿದಂಥ ಮಚ್ಚೆ, ಜೊತೆಗೆ ಕೆಟ್ಟ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಾ ಕೊಳೆ. ತುಂಬ ಬೇಗ ಹರಡುತ್ತದೆ. ಮಚ್ಚೆಯಿಂದ ಒಂದೆರಡು ಸೆಂ.ಮೀ. ಆಚೆ, ಹಸಿರು ಭಾಗದಲ್ಲೇ ಕತ್ತರಿಸಿ. ಎಲೆಯ ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಬಹುದು. ಬೇರಿಗೆ ಮಾತ್ರ ಬೇಡ, ಒಣಗಿಸಿಬಿಡುತ್ತದೆ.

ಬುಡದಿಂದ ಕಪ್ಪು ಏರುತ್ತಿದ್ದರೆ ಕಥೆ ಬೇರೆ. ಅಡಿಕೆಗೆ ಕೊಳೆರೋಗ ತರುವ, ಶಿಲೀಂಧ್ರದಂಥ ಸೂಕ್ಷ್ಮಜೀವಿ ಫೈಟಾಫ್ತೊರಾದ ಬಳಗದವೇ ಆರ್ಕಿಡ್‌ಗೂ ಕಪ್ಪು ಕೊಳೆ ತರುತ್ತವೆ. ಇದಕ್ಕೆ ಶಿಲೀಂಧ್ರನಾಶಕ ಕಾರ್ಬೆಂಡಜಿಮ್ ನಾಟುವುದಿಲ್ಲ. ಮೆಟಲಾಕ್ಸಿಲ್ ಇರುವ ಔಷಧಿ ಕೇಳಿ, ಪೊಟ್ಟಣದ ಮೇಲಿನ ಅಳತೆಯಲ್ಲೇ ಬೆರೆಸಿ, ಕೈಗವಸು ಹಾಕಿಕೊಂಡು ಹೊಡೆಯಿರಿ. ತೋಟಕ್ಕೆ ಮಾಡಿದ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಮಿಶ್ರಣ) ಉಳಿದಿದೆ ಅಂತ ಡೆಂಡ್ರೋಬಿಯಂಗೆ ಸುರಿಯಬೇಡಿ, ಅದಕ್ಕೆ ತಾಮ್ರ ಆಗಿಬರುವುದಿಲ್ಲ. ಕೊಳೆತ ಭಾಗ ಕತ್ತರಿಸದೆ ಸುಮ್ನೆ ಔಷಧಿ ಹೊಡೆದರೂ ಪ್ರಯೋಜನವಿಲ್ಲ.

ಕತ್ತರಿಸಿದ ಗಿಡ ಒಂದು ದಿನ ನೆರಳಲ್ಲಿ ಆರಲಿ. ಹಳೆಯದನ್ನೆಲ್ಲ ಎಸೆದು ಹೊಸ ಇದ್ದಿಲು, ಇಟ್ಟಿಗೆ ಚೂರು ತುಂಬಿ. ಮಣ್ಣು, ಕೋಕೋಪೀಟ್ ಬೇಡವೇ ಬೇಡ. ಮಲೆನಾಡಿನ ಮರಗಳ ಮೇಲಿನ ಕಾಡು ಆರ್ಕಿಡ್ ಸೀತಾಳೆ ದಂಡೆ ಅಷ್ಟು ಮಳೆ ತಿಂದರೂ ಬದುಕುವುದು ಬೇರಿಗೆ ಗಾಳಿ ಆಡುವುದರಿಂದಲೇ ಅಲ್ವಾ? ಕುಂಡ ಬೇರಿನ ಅಳತೆಗೆ ತಕ್ಕಷ್ಟೇ ಇರಲಿ. ಮೂರ್ನಾಲ್ಕು ದಿನ ಬಿಟ್ಟು ನೀರು ಕೊಡಿ. ಹೊಸ ಬೇರಿನ ಹಸಿರು ತುದಿ ಕಾಣುವವರೆಗೆ ಗೊಬ್ಬರ ಮುಟ್ಟಬೇಡಿ.

ಮಳೆಗಾಲದಲ್ಲಿ ಫಲನಾಪ್ಸಿಸ್ ಸೂರಿನಡಿ ಇರಲಿ. ನೀರು ಹಾಕುವುದು ಬೆಳಿಗ್ಗೆ ಮಾತ್ರ. ಎಲೆಗಳ ನಡುವಿನ ಕುಳಿಯಲ್ಲಿ ನೀರು ನಿಂತರೆ ಟಿಶ್ಯೂ ಕಾಗದದಿಂದ ಒತ್ತಿ ತೆಗೆಯಿರಿ. ಅಲ್ಲಿನ ಚಿಗುರು ಕೊಳೆತು ಕೈಗೆ ಬಂದರೆ ಆ ಗಿಡ ಮತ್ತೆ ಮೇಲಕ್ಕೆ ಬೆಳೆಯುವುದಿಲ್ಲ. ಬೇರು ಗಟ್ಟಿಯಾಗಿದ್ದರೆ ಕೆಲವೊಮ್ಮೆ ಬುಡದಲ್ಲಿ ಮರಿ ಬರುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಜಾಗವಿದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೇರೆ ಗಿಡಗಳಿಂದ ದೂರ ಒಯ್ದು ಎಸೆಯಿರಿ.