ಸ್ಟಾರ್ ಟ್ರೆಕ್‌ನ ಸಣ್ಣ ಪಾತ್ರಗಳ ಮೇಲೆ ಕ್ವಿಝ್ ಸುತ್ತು ಕಟ್ಟುವುದು ಹೇಗೆ

ಅಮೆರಿಕದ ಬಾಹ್ಯಾಕಾಶ ಧಾರಾವಾಹಿ ಸ್ಟಾರ್ ಟ್ರೆಕ್‌ನ ಕ್ವಿಝ್ ಬರೀ ಕರ್ಕ್, ಸ್ಪಾಕ್, ಪಿಕಾರ್ಡ್‌ರಂಥ ಮುಖ್ಯ ಪಾತ್ರಗಳ ಸುತ್ತಲೇ ಗಿರಕಿ ಹೊಡೆದರೆ ಕಂತು ಕಂತು ನೋಡಿದವರಿಗೆ ಅಲ್ಲಿ ಕೆಲಸವಿಲ್ಲ. ಬಾರಿನ ಮೂಲೆಯಲ್ಲಿ ಕೂತವನು, ಟ್ರಾನ್ಸ್‌ಪೋರ್ಟರ್ ಕೋಣೆಯ ಹೆಸರಿಲ್ಲದ ಅಧಿಕಾರಿ, ಯಂತ್ರಮಾನವ ಡೇಟಾನ ಬೆಕ್ಕು: ಸುತ್ತಿಗೆ ಜೀವ ಬರುವುದು ಇಂಥವರಿಂದ. ಶಿರಸಿಯಲ್ಲೋ ಕಾರವಾರದಲ್ಲೋ ಕಾಲೇಜು ಹಾಲ್‌ನಲ್ಲಿ ಒಂದು ಗಂಟೆಯ ಸುತ್ತಿಗೆ ಹದಿನಾರು ಪ್ರಶ್ನೆ ಸಾಕು. ಇಪ್ಪತ್ತೆರಡು ಬರೆದಿಟ್ಟುಕೊಳ್ಳಿ, ಪರಿಶೀಲನೆಯಲ್ಲಿ ನಾಲ್ಕೈದು ಖಂಡಿತ ಬಿದ್ದುಹೋಗುತ್ತವೆ.

ಮೊದಲ ನಿಯಮ: ಉತ್ತರ ತೆರೆಯ ಮೇಲೆ ಕಾಣಬೇಕು, ಇಲ್ಲವೇ ಕೇಳಬೇಕು. ಅಭಿಮಾನಿಗಳ ಪುಟಗಳಲ್ಲಿ ಕಾದಂಬರಿಯ ವಿವರ, ಕಾಮಿಕ್ಸ್‌ನ ವಿವರ, ಧಾರಾವಾಹಿಯ ವಿವರ ಎಲ್ಲ ಬೆರೆತಿರುತ್ತವೆ. ಮೂಲ ಸರಣಿಯ ಸುಲುವಿನ ಮೊದಲ ಹೆಸರು ಹಿಕಾರು ಎಂದು ತೆರೆಯ ಮೇಲೆ ಕೇಳಿಸಿದ್ದು 1991ರ ಆರನೇ ಚಿತ್ರದಲ್ಲಿ. ಉಹುರಾಳ ನಿಯೋಟಾ ಎಂಬ ಹೆಸರು ಕೇಳಿಸಿದ್ದು 2009ರ ಚಿತ್ರದಲ್ಲಿ. ಎರಡೂ ಅದಕ್ಕೂ ಮೊದಲೇ ಕಾದಂಬರಿಗಳಲ್ಲಿ ಬಂದಿದ್ದವು. ‘ಮೊದಲು ಯಾವಾಗ’ ಎಂದಷ್ಟೇ ಕೇಳಿದರೆ ತಕರಾರು ಕಟ್ಟಿಟ್ಟ ಬುತ್ತಿ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಸರಣಿ, ಕಂತಿನ ಹೆಸರು, ನಿಮಿಷ–ಸೆಕೆಂಡು ಬರೆದಿಡಿ.

ಪ್ರಶ್ನೆ ಕೆಡುವುದು ಹೆಚ್ಚಾಗಿ ವಾಕ್ಯದಲ್ಲೇ. ಟ್ರಾನ್ಸ್‌ಪೋರ್ಟರ್ ಅಧಿಕಾರಿ ಓಬ್ರಯನ್ ಇದಕ್ಕೆ ಒಳ್ಳೆಯ ಉದಾಹರಣೆ. ಆ ಪಾತ್ರದ ನಟ ಕಾಲಂ ಮೀನಿ ನೆಕ್ಸ್ಟ್ ಜನರೇಷನ್ ಸರಣಿಯ ಮೊಟ್ಟಮೊದಲ ಕಂತಿನಲ್ಲೇ, 1987ರಲ್ಲಿ, ಹೆಸರಿಲ್ಲದ ಅಧಿಕಾರಿಯಾಗಿ ಕಾಣಿಸಿಕೊಂಡರು. ಓಬ್ರಯನ್ ಎಂಬ ಹೆಸರು ಬಂದದ್ದು ಎರಡನೇ ಸೀಸನ್ನಿನ ‘ಅನ್‌ನ್ಯಾಚುರಲ್ ಸೆಲೆಕ್ಷನ್’ನಲ್ಲಿ, ಮೈಲ್ಸ್ ಎಂಬ ಮೊದಲ ಹೆಸರು ನಾಲ್ಕನೇ ಸೀಸನ್ನಿನ ‘ಫ್ಯಾಮಿಲಿ’ಯಲ್ಲಿ. ‘ಓಬ್ರಯನ್ ಮೊದಲು ಬಂದ ಕಂತು ಯಾವುದು?’ ಎಂದರೆ ಎರಡು ತಂಡ ಎರಡು ಉತ್ತರ ಕೊಡುತ್ತವೆ, ಎರಡೂ ಸರಿಯೇ. ನಟ ಕಾಣಿಸಿದ್ದೋ, ಹೆಸರು ಕೇಳಿಸಿದ್ದೋ ಎಂದು ಬಿಡಿಸಿ ಕೇಳಿ.

ಡೇಟಾನ ಬೆಕ್ಕು ಸ್ಪಾಟ್ ಇನ್ನೂ ಅಪಾಯ. ‘ಫ್ಯಾಂಟಸಮ್ಸ್’ (1993) ಕಂತಿನಲ್ಲಿ ಡೇಟಾ ಅದನ್ನು ಗಂಡೆಂದೇ ಸಹೋದ್ಯೋಗಿ ವೊರ್ಫ್‌ಗೆ ಒಪ್ಪಿಸುತ್ತಾನೆ. ಮರುವರ್ಷ ‘ಜೆನೆಸಿಸ್’ನಲ್ಲಿ ಅದೇ ಸ್ಪಾಟ್ ಮರಿ ಹಾಕುತ್ತದೆ. ‘ಸ್ಪಾಟ್ ಗಂಡೋ ಹೆಣ್ಣೋ’ ಎಂಬ ಪ್ರಶ್ನೆ ಬೇಡವೇ ಬೇಡ. ಈ ಗೊಂದಲವನ್ನೇ ಸುಳಿವಾಗಿಟ್ಟು ‘ಯಾವ ಪ್ರಾಣಿ?’ ಎಂದು ಕೇಳಿದರೆ ಚೆಂದದ ಪ್ರಶ್ನೆ. ಮೂಲ ಸರಣಿಯ ಸಣ್ಣ ಪಾತ್ರ ಲೆಸ್ಲಿ ಕೂಡ ಹಾಗೆಯೇ: ‘ಅಬ್ಸೆಷನ್’ನಲ್ಲಿ ಸತ್ತವನು ಆಮೇಲಿನ ಕಂತುಗಳಲ್ಲಿ ಕೆಲಸಕ್ಕೆ ಹಾಜರ್.

ನಮ್ಮ ಜಿಲ್ಲೆಯ ಪ್ರೇಕ್ಷಕರಿಗೆ ತಟ್ಟನೆ ಹಿಡಿಸುವುದು ಒಬ್ಬನೇ ನಟ ಹಲವು ಪಾತ್ರ ಮಾಡಿದ ಪ್ರಶ್ನೆ. ಒಂದೇ ರಾತ್ರಿ ಒಬ್ಬನೇ ವೇಷಧಾರಿ ಎರಡು ಮೂರು ವೇಷ ಕಟ್ಟುವ ಯಕ್ಷಗಾನ ನೋಡಿದ ಕಣ್ಣಿಗೆ ಬಣ್ಣದ ಹಿಂದಿನ ಮುಖ ಹುಡುಕುವುದು ಅಭ್ಯಾಸ. ಮಾರ್ಕ್ ಲೆನಾರ್ಡ್ 1966ರಲ್ಲಿ ರೋಮ್ಯುಲನ್ ಕಮಾಂಡರ್, 1967ರಲ್ಲಿ ಸ್ಪಾಕ್‌ನ ತಂದೆ ಸಾರೆಕ್, 1979ರ ಚಿತ್ರದಲ್ಲಿ ಕ್ಲಿಂಗನ್. ಜೆಫ್ರಿ ಕೂಂಬ್ಸ್ ಡೀಪ್ ಸ್ಪೇಸ್ ನೈನ್ ಸರಣಿಯ ‘ದ ಡಾಗ್ಸ್ ಆಫ್ ವಾರ್’ (1999) ಎಂಬ ಒಂದೇ ಕಂತಿನಲ್ಲಿ ವೇಯೂನ್ ಮತ್ತು ಬ್ರಂಟ್ ಎರಡೂ ಹೌದು. ಇಲ್ಲಿ ಪಾತ್ರದ ಹೆಸರಿಗೆ 10, ನಟನಿಗೆ 5 ಅಂಕ ಇಡಿ. 1979ರ ಅದೇ ಚಿತ್ರದ ಇಲಿಯಾ ಪಾತ್ರಧಾರಿ, 1965ರ ಮಿಸ್ ಇಂಡಿಯಾ ಪರ್ಸಿಸ್ ಖಂಬಾಟಾ ಅವರ ಪ್ರಶ್ನೆಯೊಂದು ಇರಲಿ. ಸ್ಟಾರ್ ಟ್ರೆಕ್ ಗೊತ್ತಿಲ್ಲದ ತಂಡಕ್ಕೂ ಒಂದು ದಾರಿ ಬೇಕು.

ಮೂರು ಸುಳಿವಿನ ಪ್ರಶ್ನೆಗೆ ಡೀಪ್ ಸ್ಪೇಸ್ ನೈನ್‌ನ ಮಾರ್ನ್‌ನಷ್ಟು ಒದಗುವ ಪಾತ್ರ ಇನ್ನೊಂದಿಲ್ಲ. ಮೊದಲ ಸುಳಿವು, 15 ಅಂಕ: ‘1998ರ ಒಂದು ಕಂತಿನಲ್ಲಿ ಇವನು ಸತ್ತನೆಂದು ಎಲ್ಲರೂ ದುಃಖಿಸುತ್ತಾರೆ, ಅದೇ ಕಂತಿನಲ್ಲಿ ಇವನ ಖಾಲಿ ಆಸನದಲ್ಲಿ ಕೂರುವವನು ಮುಖವಾಡ ಕಳಚಿದ ಇದೇ ನಟ.’ ಎರಡನೆಯದು, 10 ಅಂಕ: ‘ಹೆಸರಿನ ಇಂಗ್ಲಿಷ್ ಅಕ್ಷರ ಅದಲು ಬದಲು ಮಾಡಿದರೆ ಚಿಯರ್ಸ್ ಧಾರಾವಾಹಿಯ ಬಾರ್ ಗಿರಾಕಿ ಸಿಗುತ್ತಾನೆ.’ ಕೊನೆಯದು, 5 ಅಂಕ: ‘ಕ್ವಾರ್ಕ್‌ನ ಬಾರಿನಲ್ಲಿ ಸದಾ ಹಾಜರ್, ಬಾಯಿ ತೆರೆದರೆ ನಿಲ್ಲಿಸುವುದಿಲ್ಲ ಎಂದು ಎಲ್ಲರ ದೂರು, ನಮಗೆ ಮಾತ್ರ ಒಂದು ಮಾತೂ ಕೇಳಿಸುವುದಿಲ್ಲ.’ ಸುಳಿವು ಕಷ್ಟದಿಂದ ಸುಲಭಕ್ಕೆ ಇಳಿಯಬೇಕು. ಬಾರನ್ನು ಮೊದಲೇ ಹೇಳಿದರೆ ಆಟ ಅಲ್ಲಿಗೇ ಮುಗಿಯಿತು.

ಪ್ರಶ್ನೆಗೆ ಬೇಕಾದ ಸ್ಥಿರ ಚಿತ್ರಗಳಿಗೆ ಡಿವಿಡಿಯೇ ಒಳ್ಳೆಯದು, ಸ್ಟ್ರೀಮಿಂಗ್ ಆ್ಯಪ್‌ನಿಂದ ಸ್ಕ್ರೀನ್‌ಶಾಟ್ ತೆಗೆದರೆ ನಕಲು ತಡೆಯ ವ್ಯವಸ್ಥೆಯಿಂದಾಗಿ ಸಾಮಾನ್ಯವಾಗಿ ಕಪ್ಪು ಚೌಕ ಬರುತ್ತದೆ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ‘ಇ’ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, ಶಿಫ್ಟ್ ಹಿಡಿದು ‘ಎಸ್’ ಒತ್ತಿದರೆ ಚಿತ್ರ ಉಳಿಯುತ್ತದೆ. ಮೂಲ ಸರಣಿ, ನೆಕ್ಸ್ಟ್ ಜನರೇಷನ್, ಡೀಪ್ ಸ್ಪೇಸ್ ನೈನ್ ಮೂರೂ 4:3 ಚೌಕಟ್ಟಿನವು. ಪ್ರೊಜೆಕ್ಟರ್ 16:9ಕ್ಕೆ ಎಳೆದು ತುಂಬಿಸಿದರೆ ಮುಖ ಅಗಲವಾಗಿ ಗುರುತೇ ಸಿಗದು. ಸೆಟ್ಟಿಂಗ್ ಹಿಂದಿನ ದಿನವೇ ನೋಡಿಡಿ.

ಮಳೆಗಾಲದಲ್ಲಿ ಶಿರಸಿಯಲ್ಲಿ ನಡೆಸುವುದಾದರೆ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬಬೇಡಿ. ಎಲ್ಲ ಪೆನ್‌ಡ್ರೈವ್‌ನಲ್ಲಿರಲಿ, ಚಿತ್ರಗಳ ಎ4 ಪ್ರಿಂಟ್ ತಂಡಕ್ಕೊಂದು ಸೆಟ್ ಇರಲಿ. ಕುಮಟಾ ಕಡೆಯಿಂದ ತಂಡ ಬರುವುದಿದ್ದರೆ ದೇವಿಮನೆ ಘಟ್ಟದ ಸ್ಥಿತಿ ವಿಚಾರಿಸಿಯೇ ಸಮಯ ಗೊತ್ತುಮಾಡಿ. ಕಾರವಾರದಲ್ಲಿ ನೌಕಾನೆಲೆಯ ಮಕ್ಕಳೂ ಬರುತ್ತಾರೆ, ಕನ್ನಡ ಓದಲು ಎಲ್ಲರಿಗೂ ಬರದು. ಪ್ರಶ್ನೆಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಓದಿ, ಉತ್ತರಕ್ಕೆ ಉಚ್ಚಾರ ಹತ್ತಿರವಿದ್ದರೆ ಅಂಕ ಕೊಡಿ.

ಉತ್ತರ ಚೀಟಿಯಲ್ಲಿ ಬರೆಸಿ, ಮೂವತ್ತು ಸೆಕೆಂಡು ಸಾಕು. ಬಾಯಲ್ಲಿ ಹೇಳಿಸಿದರೆ ಪಕ್ಕದ ತಂಡಕ್ಕೆ ಕೇಳಿಸುತ್ತದೆ. ತಕರಾರು ಬಂದರೆ ವಾದ ಬೇಡ, ಬರೆದಿಟ್ಟ ನಿಮಿಷಕ್ಕೆ ಹೋಗಿ ದೃಶ್ಯ ಹಾಕಿ. ಆ ದೃಶ್ಯ ಕೈಯಲ್ಲಿಲ್ಲದಿದ್ದರೆ ಪ್ರಶ್ನೆ ರದ್ದು ಮಾಡಿ, ಮೀಸಲಿನಿಂದ ಇನ್ನೊಂದು ಕೇಳಿ. ಸಮ ಅಂಕಕ್ಕೆ ಸಂಖ್ಯೆಯ ಪ್ರಶ್ನೆ ಇಟ್ಟುಕೊಳ್ಳಿ: ಮೂಲ ಸರಣಿಯಲ್ಲಿ 1966ರಿಂದ 1969ರವರೆಗೆ ಪ್ರಸಾರವಾದ ಕಂತುಗಳೆಷ್ಟು? ಉತ್ತರ 79, ಹತ್ತಿರ ಬಂದ ತಂಡಕ್ಕೆ ಗೆಲುವು. 1988ರಲ್ಲಷ್ಟೇ ಪ್ರಸಾರವಾದ ಮೊದಲ ಪೈಲಟ್ (ಪ್ರಾಯೋಗಿಕ ಕಂತು) ‘ದ ಕೇಜ್’ ಸೇರಿಸಿ 80 ಎಂದು ವಾದಿಸುವವರು ಇದ್ದೇ ಇರುತ್ತಾರೆ, ಅದಕ್ಕೇ ಪ್ರಶ್ನೆಯಲ್ಲಿ ಇಸವಿ ಬಿಡಬೇಡಿ.